ಬಾಸಿಲಿಯಾಳ ಸೊಂಟವೇರಿದ ಕೂಸು

ವಯಾದೊಲಿದ್ ಪಟ್ಟಣಕ್ಕೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ ಬಾಸಿಲಿಯಾ ಪೂಟ್‌ಳ ಪ್ರಶ್ನೆಗಳಿಂದ ತಪ್ಪಿಸಿಕೊಂಡವರು ಇಬ್ಬರೇ. ಒಬ್ಬ ಚರ್ಚಿನ ಗೋಡೆಯ ಸಂತ, ಇನ್ನೊಬ್ಬ ಅವಳ ಗಂಡ. ಸಂತನಿಗೆ ಬಾಯಿಲ್ಲ, ಗಂಡನಿಗೆ ಕಿವಿ ಕೇಳಿಸುವುದಿಲ್ಲ. ಉಳಿದವರಿಗೆ ಅವಳ ನೆರಳು ಕಂಡರೆ ಸಾಕು, ಹಂದಿಗೆ ಮೇವು ಹಾಕುವುದು ತಟ್ಟನೆ ನೆನಪಾಗುತ್ತಿತ್ತು. ಅಶ್ವಮೇಧದ ಕುದುರೆಯ ಹಾಗೆ ಅವಳ ಪ್ರಶ್ನೆ ಊರೆಲ್ಲ ಸುತ್ತಿ ಬರುತ್ತಿತ್ತು. ಕಟ್ಟಿಹಾಕುವ ಧೀರ ಇನ್ನೂ ಹುಟ್ಟಿರಲಿಲ್ಲ.

ಆರು ವರ್ಷದವಳಿದ್ದಾಗ, ಊರ ಹಿಂದಿನ ನೀರಿನ ಗುಹೆಗೆ ತಳವಿದೆಯೋ ಇಲ್ಲವೋ ತಿಳಿಯಲು ಅಜ್ಜನ ಒಂದು ಚಪ್ಪಲಿಯನ್ನು ಅದರೊಳಗೆ ಎಸೆದಿದ್ದಳು. ಉತ್ತರ ಬಾರದ್ದಕ್ಕೆ ಇನ್ನೊಂದನ್ನೂ ಎಸೆದಳು. ಐವತ್ತಮೂರಾದರೂ ಅವಳು ಬದಲಾಗಿರಲಿಲ್ಲ. ಜೋಳದ ಗಿರಣಿಯ ಸಾಲಿನಲ್ಲಿ ನಿಂತು, "ನಿಮ್ಮತ್ತೆ ನಿನ್ನೆ ಅತ್ಲಂತಲ್ಲ, ಈರುಳ್ಳಿಗೋ ಮಗನಿಗೋ?" ಎಂದು ಕೇಳಿಯೇ ಬಿಡುವಳು.

ಅವಳಿಗಿದ್ದ ಕೊರಗು ಒಂದೇ. ಹೆತ್ಸ್‌ಮೆಕ್ ಎಂಬ ಸೊಂಟವೇರಿಸುವ ಶಾಸ್ತ್ರಕ್ಕೆ ಅವಳ ಕೈಗೆ ಯಾರೂ ಕೂಸು ಕೊಟ್ಟಿರಲಿಲ್ಲ. ಒಲೆಗೆ ಮೂರು ಕಲ್ಲು, ಆ ಲೆಕ್ಕದಲ್ಲೇ ಹೆಣ್ಣುಕೂಸಿಗೆ ಮೂರು ತಿಂಗಳಾದಾಗ ಅದನ್ನು ಮೊದಲ ಸಲ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸುತ್ತಾರೆ. ಯಾರ ಸೊಂಟವೋ ಅವರ ಗುಣವೇ ಕೂಸಿಗೆ. ಕಸೂತಿ ಬಲ್ಲವರ ಸೊಂಟಗಳು ಸವೆದುಹೋಗಿದ್ದವು. ಬಾಸಿಲಿಯಾಳ ಸೊಂಟ ಮಾತ್ರ ನೀರಿನ ಕೊಡಕ್ಕೇ ಮೀಸಲು.

ಒಂದು ಬೆಳಗ್ಗೆ ಪಕ್ಕದ ಬೀದಿಯ ಸುವೇಮಿ ಬಂದಳು.

"ಬಾಸಿಲಿಯಕ್ಕ, ನಮ್ ಪಾಪು ಅಳಲ್ಲ, ನಗಲ್ಲ. ಏನ್ ತೋರ್ಸಿದ್ರೂ ಜೋಲಿಯಲ್ಲಿ ಸೂರು ನೋಡ್ತಾ ಬಿದ್ದಿರ್ತಾಳೆ. ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದ್ರು. ನೀವೇ ಎತ್ಕೋಬೇಕು."

"ನಾನಾ? ಯಾಕೆ? ಯಾವಾಗ? ನಿಮ್ಮತ್ತೆ ಒಪ್ಪಿದ್ಲಾ?"

"ಇಲ್ಲ. 'ಆ ಗಿರಣಿ ಗುಣ ಅಂಟಿದ್ರೆ ನಾನ್ ಮನೆ ಬಿಡ್ತೀನಿ' ಅಂದ್ರು. ಬಿಟ್ರೆ ಬಿಡ್ಲಿ ಅಂತ ಬಂದೆ."

ಶಾಸ್ತ್ರದ ದಿನ ಬಾಸಿಲಿಯಾ ಹೂಬಳ್ಳಿಯ ಹೊಸ ಉಡುಪು ತೊಟ್ಟು ದಂಡಯಾತ್ರೆಗೆ ಹೊರಟಂತೆ ಹೊರಟಳು. ಸುವೇಮಿಯ ಮನೆಯ ಮೇಜಿನ ಮೇಲೆ ಶಾಸ್ತ್ರಕ್ಕೆಂದು ಬೇಯಿಸಿದ ಮೊಟ್ಟೆ, ಹುರಿದ ಕುಂಬಳಬೀಜ, ಸೂಜಿ, ಪೆನ್ಸಿಲ್, ಜೊತೆಗೆ ಒಂಬತ್ತು ಜೋಳದ ಕಾಳು. ಕೂಸನ್ನೆತ್ತಿ ಮೇಜು ಸುತ್ತುತ್ತ ಸುತ್ತಿಗೊಂದು ಕಾಳು ತೆಗೆಯಬೇಕು. ಕೂಸು ಸೊಂಟವೇರಿತು, ಬೆಚ್ಚಗೆ, ಹಿಟ್ಟಿನ ಮುದ್ದೆಯಂತೆ ಭುಜಕ್ಕೊರಗಿತು. 'ಈ ಕಂದನಿಗೆ ನನ್ನಿಂದ ಕೆಟ್ಟ ಹೆಸರು ಬರಬಾರದು' ಎಂದುಕೊಂಡು ಬಾಸಿಲಿಯಾ ತುಟಿ ಹೊಲಿದುಕೊಂಡಂತೆ ನಡೆದಳು.

ಮೊದಲ ಸುತ್ತಿಗೆ ಜನ ನಿಟ್ಟುಸಿರು ಬಿಟ್ಟರು. ಮೂರನೆಯದಕ್ಕೆ ಪಿಸುಗುಟ್ಟಿದರು. ಐದನೆಯದಕ್ಕೆ ಸುವೇಮಿಯ ಅತ್ತೆ, ಕೂಸಿನ ಅಜ್ಜಿ ಅನಕ್ಲೇತಾಳ ಮುಖ ಸುಣ್ಣವಾಯಿತು.

"ಅಯ್ಯಯ್ಯೋ! ಮೊದ್ಲೇ ಮೂಗಿ ಥರ ಇರೋ ಮಗು, ಎತ್ಕೊಂಡೋಳೂ ಮೂಗಿ ಆಗ್ಬಿಟ್ಳಲ್ಲ! ಬಾಸಿಲಿಯಾ, ಏನಾದ್ರೂ ಕೇಳೇ!"

ಬಾಸಿಲಿಯಾ ತಲೆಯಾಡಿಸಿ ಆರನೆಯ ಕಾಳು ತೆಗೆದಳು.

"ಹುಟ್ಟಿದಾಗಿಂದ ವಟಗುಟ್ಟಿ ಇವತ್ತೇ ಬಾಯಿಗೆ ಬೀಗನಾ? ದಮ್ಮಯ್ಯ ಅಂತೀನಿ, ಕೇಳು!"

ಏಳು. ಎಂಟು. ಮೇಜಿನ ಮೇಲೆ ಉಳಿದದ್ದು ಒಂದೇ ಕಾಳು. ಬಾಸಿಲಿಯಾ ನಿಂತಳು.

"ಏನ್ ಬೇಕಾದ್ರೂ ಕೇಳ್ಬಹುದಾ?"

"ಕೇಳೇ ಮಾರಾಯ್ತಿ!"

"ಹಾಗಾದ್ರೆ ಹೇಳು ಅನಕ್ಲೇತಾ. ಮೂವತ್ತು ವರ್ಷದ ಹಿಂದೆ, ನನ್ ಮದುವೆ ದಿನ, ಕಟ್ಟಿಹಾಕಿದ್ದ ಟರ್ಕಿ ಕೋಳಿ ಮಾಯ ಆಯ್ತಲ್ಲ. ಅದರ ಹಗ್ಗ ನಿನ್ ಹಿತ್ತಿಲಿಗೆ ಹೆಂಗ್ ಬಂತು?"

ಭುಜಕ್ಕೊರಗಿದ್ದ ಪುಟ್ಟ ತಲೆ ಮೇಲೆದ್ದಿತು. ಕೂಸು ಮೆಲ್ಲಗೆ ಕತ್ತು ಹೊರಳಿಸಿ ಅಜ್ಜಿಯನ್ನು ಕಣ್ಣರಳಿಸಿ ನೋಡಿತು.

"ಊಂ?" ಎಂದಿತು.

ಸುವೇಮಿ ಉಡುಪಿನ ತೋಳಿಗೇ ಕಣ್ಣೊರೆಸಿಕೊಂಡಳು.

"ಅದು... ಕೋಳೀನೇ ಹಗ್ಗ ಕಿತ್ಕೊಂಡು ಬಂದಿತ್ತು ಕಣೇ," ಎಂದಳು ಅನಕ್ಲೇತಾ.

"ಆಮೇಲೆ?" ಎಂದಳು ಬಾಸಿಲಿಯಾ.

"ಊಂ?" ಎಂದಿತು ಕೂಸು.

ಬಾಸಿಲಿಯಾ ಒಂಬತ್ತನೆಯ ಸುತ್ತಿಗೆ ಹೊರಟಳು. ಅವಳು ಯಾವ ಕಡೆ ತಿರುಗಿದರೂ ಸೊಂಟದ ಮೇಲಿನ ಕೂಸಿನ ಕತ್ತು ಮಾತ್ರ ಅಜ್ಜಿಯ ಕಡೆಗೇ ತಿರುಗುತ್ತಿತ್ತು.