ಕೆರೆ ಏರಿಯ ಮೇಲೆ ಬದಲಾದ ಕಥೆ

“ಅಯ್ಯೋ ಟೀಚರಮ್ಮ, ಬಾವಿಗೆ ಬಿದ್ದಿದ್ದು ಯಾರು?”

ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಬೆಚ್ಚಿಬಿದ್ದು ತಿರುಗಿದೆ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಗಾಬರಿಯಿಂದ ನಿಂತಿದ್ದಳು. ಎಂಬತ್ತರ ದಶಕದ ಆ ದಿನಗಳಲ್ಲಿ, ಸಂಜೆ ನಡೆಯುತ್ತಾ ಬರೆಯಬೇಕಾದ ಕಥೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ.

“ಯಾರೂ ಇಲ್ಲ ಅಕ್ಕ, ನಾನು ಕಟ್ತಿರೋ ಕಥೆ” ಎಂದೆ.

“ನೀವೇ ಕಟ್ಟೋದಾದ್ರೆ, ಆ ಹುಡುಗೀನ ಯಾಕೆ ಸಾಯಿಸ್ತೀರ?”

ಕಥೆಯಲ್ಲಿ ಗಂಡನ ಮನೆ ಬಿಟ್ಟಿದ್ದ ಆ ಹುಡುಗಿ ಬಾವಿಗಲ್ಲದೆ ಇನ್ನೆಲ್ಲಿಗೆ ಹೋಗಬಹುದೆಂದು ಇಬ್ಬರೂ ಊರು ಬರುವವರೆಗೂ ಮಾತಾಡುತ್ತಾ ನಡೆದೆವು. “ನಮ್ಮನೆಗೆ ಬರ್ಲಿ ಬಿಡಿ, ರೇಷ್ಮೆಹುಳಕ್ಕೆ ಸೊಪ್ಪು ಹಾಕೋಕೆ ಜನ ಬೇಕು” ಎಂದಳಾಕೆ, ನಿಜವಾದ ಹುಡುಗಿಯನ್ನೇ ಕರೆಯುವಂತೆ.

ಕಥೆಯಲ್ಲಿ ಆ ಹುಡುಗಿ ಬದುಕಿದಳು. ಅವಳನ್ನು ಸಾಯಿಸಲು ನನಗೆ ಅಷ್ಟು ಆತುರ ಯಾಕಿತ್ತೋ, ಇಂದಿಗೂ ತಿಳಿದಿಲ್ಲ.