ಹುಳದ ಹಾದಿ ಹಿಡಿದು ಹಾಳೆ ಜೋಡಿಸಿದಾಕೆ

ಬೆಳಗಿನ ಆರು ಗಂಟೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ, ಅಂಟಕ್ಕ ಎಲೆಕ್ಟ್ರಿಕ್ ಒಲೆಯ ಮುಂದೆ ನಿಂತು ಅಂಟು ಕಾಯಿಸುತ್ತಿದ್ದಾರೆ. ಗೋಧಿಯ ಪಿಷ್ಟ, ನೀರು, ಮರದ ಸೌಟು. ಮುಕ್ಕಾಲು ಗಂಟೆ ಕೈ ನಿಲ್ಲುವಂತಿಲ್ಲ. "ಆ ಕಡೆ ಒಂದ್ಸಲ ತಿರುಗಿದ್ರೆ ಸಾಕು, ಗಂಟಾಗುತ್ತೆ. ಫೋನ್ ಬಂದ್ರೂ ಎತ್ತಲ್ಲ" ಎನ್ನುತ್ತಾರೆ. ಸೌಟು ಆಡಿಸುತ್ತಲೇ, "ಬರೋದೂ ಇಲ್ಲ ಬಿಡಿ" ಎಂದು ನಗುತ್ತಾರೆ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಮೇಲಿನ ಮಹಡಿಯವರಿಗೆ ಅದು ಮರೆತುಹೋಗಿದೆ. ಮೂವತ್ತಾರು ವರ್ಷಗಳಿಂದ ಇವರ ಕೆಲಸ ಒಂದೇ: ಚೀನೀ, ಜಪಾನಿ, ಕೊರಿಯನ್ ಹಳೆಯ ಪುಸ್ತಕಗಳ ಹರಿದ ಹಾಳೆಗಳಿಗೆ ತೇಪೆ ಹಾಕುವುದು. ಹುಳ ತಿಂದ ತೂತಿನ ಆಕಾರಕ್ಕೆ ತೆಳುಕಾಗದ ಹರಿದು, ಅಂಚಿಗೆ ಅಂಟು ಸವರಿ, ಕುಂಚದಿಂದ ಕೂರಿಸಬೇಕು. ಒಂದೊಂದು ಹಾಳೆಯಲ್ಲಿ ಅರವತ್ತು ಎಪ್ಪತ್ತು ತೂತುಗಳಿರುವುದೂ ಉಂಟು. ಒಳ್ಳೆಯ ದಿನ ಆರು ಹಾಳೆ ಮುಗಿಯುತ್ತವೆ, ಕೆಟ್ಟ ದಿನ ಒಂದು.

ಅವುಗಳಲ್ಲಿ ಒಂದಕ್ಷರವೂ ಇವರಿಗೆ ಓದಲು ಬರುವುದಿಲ್ಲ. ಒಮ್ಮೆ ಕಲಿಯಲು ಹೊರಟಿದ್ದರಂತೆ. "ಒಂದು ಗೆರೆ ಎಳೆದ್ರೆ ಒಂದು, ಎರಡು ಎಳೆದ್ರೆ ಎರಡು, ಮೂರಕ್ಕೆ ಮೂರು. ಇಷ್ಟೇನಾ ಅಂದ್ಕೊಂಡೆ. ನಾಲ್ಕಕ್ಕೆ ಗೆರೆ ಲೆಕ್ಕ ಕೈಕೊಡ್ತು!"

ಕಾಲೇಜು ಓದು ಅರ್ಧಕ್ಕೆ ನಿಂತಾಗ ರಿಜಿಸ್ಟರ್ ಹೊಲಿಯುವ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಆಗ ನೆಲಮಾಳಿಗೆಯಲ್ಲಿದ್ದ ವಯಸ್ಸಾದ ದುರಸ್ತಿಗಾರರೊಬ್ಬರು ಇವರ ಬೆರಳು ನೋಡಿ, "ಈ ಹುಡುಗಿಗೆ ಅವಸರ ಇಲ್ಲ" ಎಂದು ತಮ್ಮ ಮೇಜಿಗೆ ಕರೆದುಕೊಂಡರು. ಒಂಬತ್ತು ವರ್ಷ ಕಲಿಸಿದರು, ತೀರಿಕೊಂಡರು. ಆಮೇಲೆ ಆ ಭಾಷೆಗಳನ್ನು ಓದುವ ವಿದ್ಯಾರ್ಥಿಗಳೂ ಬರದಾದರು. ಪಕ್ಕದ ಓದುವ ಕೋಣೆಗೆ ಬೀಗ ಬಿತ್ತು. ಮನೆಯಲ್ಲಿ ಅಮ್ಮ ಇದ್ದರು. ಎಂಟು ವರ್ಷದ ಹಿಂದೆ ಅವರೂ ಹೋದರು. ಈಗ ತಿಂಗಳಿಗೊಮ್ಮೆ ಊರಿನಿಂದ ಫೋನ್ ಮಾಡುವ ಅಕ್ಕನನ್ನು ಬಿಟ್ಟರೆ ಹೇಳುವವರಿಲ್ಲ, ಕೇಳುವವರಿಲ್ಲ. "ಸೋಮವಾರ ಬೆಳಿಗ್ಗೆ ಮಾತಾಡೋಕೆ ಹೋದ್ರೆ ಗಂಟಲೇ ಕಟ್ಟಿರುತ್ತೆ" ಎನ್ನುತ್ತಾರೆ, ದೂರಿನ ದನಿಯಲ್ಲಲ್ಲ.

ಆರು ವರ್ಷಗಳ ಹಿಂದೆ ನೀರಿನ ಪೈಪು ಒಡೆದು ಒಂದು ಕಪಾಟು ನೆನೆಯಿತು. ಒಂದು ಕೈಬರಹದ ಪುಸ್ತಕದ ದಾರ ಕೊಳೆತು, ಮುನ್ನೂರ ಹನ್ನೆರಡು ಹಾಳೆಗಳು ಚೆಲ್ಲಾಪಿಲ್ಲಿಯಾದವು. ಪುಟಸಂಖ್ಯೆ ಇಲ್ಲ, ಓದಬಲ್ಲವರಂತೂ ಇಲ್ಲವೇ ಇಲ್ಲ. "ಡಬ್ಬಿಗೆ ಹಾಕಿ 'ಬಿಡಿ ಹಾಳೆ' ಅಂತ ಚೀಟಿ ಅಂಟಿಸಿಬಿಡಿ" ಎಂದರು ಗ್ರಂಥಪಾಲಕರು. ಹಾಗೆ ಡಬ್ಬಿ ಸೇರಿದ್ದು ಮತ್ತೆ ಪುಸ್ತಕವಾಗುವುದಿಲ್ಲವೆಂದು ಅಂಟಕ್ಕನಿಗೆ ಗೊತ್ತು.

"ಸ್ವಲ್ಪ ದಿನ ನನ್ನ ಹತ್ರ ಇರ್ಲಿ ಸಾರ್" ಎಂದರು.

ಸ್ವಲ್ಪ ದಿನ ಎಂದದ್ದು ಹದಿನಾಲ್ಕು ತಿಂಗಳಾಯಿತು. ಅಕ್ಷರ ಬಾರದವರು ತೂತುಗಳನ್ನು ಓದಿದರು. ಪುಸ್ತಕದ ಹುಳ ಹಾಳೆಯಿಂದ ಹಾಳೆಗೆ ಕೊರೆಯುತ್ತಾ ಹೋಗುತ್ತದೆ. ಒಂದರ ತೂತು ಮುಂದಿನದರಲ್ಲಿ ಕೂದಲೆಳೆಯಷ್ಟು ಸರಿದಿರುತ್ತದೆ. ಬೆಳಕಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟು, ಆ ಸರಿದಾಟವನ್ನೇ ಹಿಡಿದು ಅವರು ಇಡೀ ಪುಸ್ತಕವನ್ನು ಜೋಡಿಸಿ, ತೇಪೆ ಹಾಕಿ, ಹೊಸ ದಾರದಲ್ಲಿ ಹೊಲಿದರು. ಸರಿಯೋ ತಪ್ಪೋ ಹೇಳುವವರು ಯಾರೂ ಇರಲಿಲ್ಲ. ಪುಸ್ತಕ ಕಪಾಟು ಸೇರಿತು.

ಹೋದ ವರ್ಷ ಹೊರದೇಶದಿಂದ ವಯಸ್ಸಾದ ಮಹಿಳಾ ಪ್ರೊಫೆಸರ್ ಒಬ್ಬರು ಬಂದರು. ಬೀಗ ತೆಗೆಸಿ, ಆರು ದಿನ ಆ ಪುಸ್ತಕದ ಮುಂದೆ ಕುಳಿತರು. ನಾಲ್ಕನೆಯ ದಿನ ಪುಸ್ತಕ ಹಿಡಿದು ನೇರ ಅಂಟಕ್ಕನ ಕೋಣೆಗೆ ಬಂದು, ತಾವು ಕಲಿತಿದ್ದ ಕನ್ನಡದಲ್ಲಿ ಪದಕ್ಕೆ ಪದ ಪೋಣಿಸಿ ಹೇಳಿದರು: "ಎಲ್ಲವೂ ಸರಿ. ಆದರೆ ಇಲ್ಲಿ ಎರಡು ಹಾಳೆಗಳು ಅದಲುಬದಲು ಆಗಿವೆ. ದಿನಾಂಕ ನೋಡಿ."

"ಇಲ್ಲ ಮೇಡಂ" ಎಂದರು ಅಂಟಕ್ಕ. ದೊಡ್ಡವರಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ, ಕಿವಿ ಬಿಸಿಯಾಯಿತು. ಆದರೂ ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದರು. ತೇಪೆಗಳು ತಿಳಿಯಾದ ಚುಕ್ಕಿಗಳಾಗಿ ಕಂಡವು. "ಹುಳ ಇಲ್ಲಿಂದ ಬಂದಿದೆ, ಇಲ್ಲಿಗೆ ಹೋಗಿದೆ. ತಿರುಗಿಸಿಟ್ರೆ ದಾರಿ ಕಡಿದುಹೋಗುತ್ತೆ. ಹುಳಕ್ಕೆ ದಿನಾಂಕ ಗೊತ್ತಿಲ್ಲ."

ಪ್ರೊಫೆಸರ್ ಬಹಳ ಹೊತ್ತು ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಹಾಗಾದರೆ ತಪ್ಪು ಮೊದಲು ಹೊಲಿದವನದು! ಹುಳ ಬರುವ ಮುಂಚೆಯೇ ತಪ್ಪಿದ್ದಾನೆ."

ಅಷ್ಟು ಹಳೆಯ ಕಾಲದಲ್ಲಿ ಯಾವನೋ ಒಬ್ಬ, ಇವರ ಹಾಗೆಯೇ ಸೂಜಿ ದಾರ ಹಿಡಿದು ಕುಳಿತು, ಒಂದು ಗಳಿಗೆ ಗಮನ ತಪ್ಪಿದ್ದ. "ಅವತ್ತು ಮನೆಗೆ ಹೋಗ್ತಾ ಅವನ ಬಗ್ಗೆನೇ ಯೋಚನೆ. ಪಾಪ, ಏನು ಚಿಂತೆ ಇತ್ತೋ."

ಅವತ್ತೇ ಧೈರ್ಯ ಮಾಡಿ ಕೇಳಿದ್ದರು: "ಇದ್ರಲ್ಲಿ ಏನು ಬರ್ದಿದೆ ಮೇಡಂ?" ಅದು ಒಬ್ಬ ಹಳ್ಳಿ ವೈದ್ಯನ ದಿನಚರಿಯಂತೆ, ಕಿಟಕಿಗೆ ಗಾಜಿನ ಬದಲು ಕಾಗದ ಅಂಟಿಸುತ್ತಿದ್ದ ಕಾಲದ್ದು. ಪ್ರೊಫೆಸರ್ ಆ ಹಾಳೆಯ ಒಂದು ಸಾಲನ್ನು ಮೊದಲು ಅದರ ಭಾಷೆಯಲ್ಲೇ ಗಟ್ಟಿಯಾಗಿ ಓದಿ, ಅರ್ಥ ಹೇಳಿದರು: "ಇಂದು ಯಾರೂ ಬರಲಿಲ್ಲ. ಕಿಟಕಿಯ ಕಾಗದ ಬದಲಿಸಿದೆ."

ಇಷ್ಟು ಹೇಳಿ ಅಂಟಕ್ಕ ಕುಂಚ ತೊಳೆಯುತ್ತಾರೆ. "ಮೂವತ್ತೈದು ವರ್ಷ ಈ ಅಕ್ಷರ ಮುಟ್ಟಿದ್ದೆ. ಅದಕ್ಕೆ ದನಿ ಇದೆ ಅಂತ ಅವತ್ತೇ ಗೊತ್ತಾಗಿದ್ದು."

ಪ್ರೊಫೆಸರ್ ಅವರ ಲೇಖನ ಅಚ್ಚಾಗಿ ಬಂದಿದೆ. ಕೊನೆಯಲ್ಲಿ 'ಗ್ರಂಥಾಲಯದ ಸಿಬ್ಬಂದಿಗೆ ಕೃತಜ್ಞತೆ' ಎಂದಿದೆ. ಅದರ ಬಗ್ಗೆ ಇವರಿಗೆ ಬೇಸರವಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದೆ, ಬೇರೆಯೊಂದು ಆಸೆಯಿದೆ. ಆರು ದಿನದಲ್ಲಿ ದಿನಚರಿಯ ಅರ್ಧದಷ್ಟನ್ನು ಮಾತ್ರ ಓದಲಾಯಿತಂತೆ.

"ಉಳಿದಿದ್ದು ಓದೋಕೆ ಯಾರಾದ್ರೂ ಬರ್ಲಿ. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರ್ತೀನಿ. ಅರ್ಥ ಹೇಳದಿದ್ರೂ ಪರವಾಗಿಲ್ಲ. ಸ್ವಲ್ಪ ಗಟ್ಟಿಯಾಗಿ ಓದಿದ್ರೆ ಸಾಕು."