ಆ ಪುಟದಲ್ಲಿ ಇರದ ವಚನ

ದೇವರ ಚಿತ್ತ ಎಂಬ ಮಾತು ಕೇಳಿದರೆ ಆ ವರ್ಷ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ನಂಬಿಕೆ ಇಲ್ಲದವಳಲ್ಲ, ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಆದರೆ ಕುರುಗೋಡಿನಲ್ಲಿ ತಮ್ಮನ ಮನೆಯಲ್ಲಿದ್ದ ನಮ್ಮವ್ವ ಆ ಚಿತ್ತಕ್ಕೆ ಕಾಯುತ್ತಾ ಕೂತು ಕಣ್ಣು ಕಳೆದುಕೊಳ್ಳುತ್ತಿದ್ದಳು.

ಬಲಗಣ್ಣಿನ ಪೊರೆ ಬಲಿತು ಹಾಲಿನಷ್ಟು ಬೆಳ್ಳಗಾಗಿತ್ತು. ಎಡಗಣ್ಣಿಗೆ ಜನ ಬರೀ ನೆರಳಾಗಿ ಕಾಣುತ್ತಿದ್ದರು. ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನವಳು. ಅಲ್ಲಿನ ಕಣ್ಣಿನ ಡಾಕ್ಟರು ಅವ್ವನನ್ನು ನೋಡಿ, ಇನ್ನೂ ತಡಮಾಡಿದರೆ ಒಳಗಿನ ಒತ್ತಡ ಏರಿ ನರ ಸಾಯುತ್ತದೆ, ಆಮೇಲೆ ಯಾವ ಆಪರೇಷನ್ನೂ ಉಪಯೋಗಕ್ಕೆ ಬರುವುದಿಲ್ಲ ಎಂದಿದ್ದರು. ಎರಡು ಸಲ ದಿನ ಗೊತ್ತುಮಾಡಿದೆ. ಎರಡು ಸಲವೂ ಅವ್ವ, "ಇನ್ನಾ ವಾಕ್ಯ ಬಂದಿಲ್ಲವ್ವ" ಎಂದು ಕೂತಲ್ಲಿಂದ ಕದಲಲಿಲ್ಲ.

ವಾಕ್ಯ ಬರುವುದೆಂದರೆ ಇಷ್ಟೇ. ಪ್ರಾರ್ಥಿಸಿ, ಕಣ್ಣು ಮುಚ್ಚಿ, ಬೈಬಲ್ಲನ್ನು ಎಲ್ಲೋ ಒಂದು ಕಡೆ ತೆರೆದು ಬೆರಳಿಡುವುದು. ಬೆರಳಿನ ಕೆಳಗಿನ ವಚನವೇ ದೇವರ ಉತ್ತರ. ನನ್ನ ಮದುವೆ, ತಮ್ಮನ ಟೇಲರ್ ಅಂಗಡಿ, ಕೊನೆಗೆ ಮಿಕ್ಸಿ ಕೊಳ್ಳುವ ವಿಚಾರ ಕೂಡ ಹಾಗೆಯೇ ತೀರ್ಮಾನವಾಗಿದ್ದವು. ಮಿಕ್ಸಿ ಕೇಳಿದ ದಿನ ಯಾವುದೋ ಊರು ಪುಡಿಪುಡಿಯಾಗುವ ವಚನ ಬಂದು, ಇದು ಒಪ್ಪಿಗೆಯೋ ಎಚ್ಚರಿಕೆಯೋ ಎಂದು ನಾವು ಒಂದು ವಾರ ಜಗಳವಾಡಿದ್ದೆವು.

ಈಗ ಬೆರಳಿಡುವವಳಿಗೆ ಓದಲು ಕಣ್ಣಿಲ್ಲ. ತಮ್ಮ ಮೊಬೈಲಿನಲ್ಲಿ ಬೈಬಲ್ ಕೇಳುವಂತೆ ಮಾಡಿಕೊಟ್ಟ. "ಇದರಾಗ ಬೆರಳು ಎಲ್ಲಿ ಇಡ್ಲಿ?" ಎಂದು ಅವ್ವ ಅದನ್ನು ಪಕ್ಕಕ್ಕೆ ಸರಿಸಿದಳು. ಓದುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಆರಾಧನೆ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಕುರುಗೋಡಿಗೆ ಬಂದು ಓದುತ್ತಿದ್ದೆ. ಬಲಿಯ ಕುರಿಯ ಕೊಬ್ಬು, ಗುಡಾರದ ಗೂಟ, ಯಾರದೋ ಯುದ್ಧ. ಆಸ್ಪತ್ರೆಯ ಸುದ್ದಿಯೇ ಇಲ್ಲ. "ಮುಂದಿನ ವಾರ ನೋಡಾಣ" ಎನ್ನುತ್ತಿದ್ದಳು. ನನಗೆ ಅವ್ವನ ಮೇಲೂ ಸಿಟ್ಟು, ದೇವರ ಮೇಲೂ ಸಿಟ್ಟು. ಒಂದು ಮಾತು ಆಡಿದರೆ ಆತನ ಗಂಟೇನು ಹೋಗುತ್ತಿತ್ತು?

ಪ್ರತಿ ಶುಕ್ರವಾರ ಸಿರುಗುಪ್ಪದಿಂದ ಕುರುಗೋಡಿಗೆ ಬೈಕಿನಲ್ಲಿ ಬಂದು ಪ್ರಾರ್ಥನೆ ನಡೆಸುವ ಪಾಸ್ಟರನ್ನು ನಾವು ಅಯ್ಯಗಾರು ಎನ್ನುತ್ತೇವೆ. ಒಂದು ದಿನ ರಜೆ ಹಾಕಿ ಹೋಗಿ ಅವರನ್ನೇ ಹಿಡಿದೆ. ನೀವಾದರೂ ಅವ್ವನಿಗೆ ಹೇಳಿ ಎಂದು ಬೇಡಿಕೊಂಡೆ.

"ಕರ್ತನ ಚಿತ್ತಕ್ಕ ನಾವು ಅಡ್ಡ ಬರಬಾರ್ದಮ್ಮ. ಪ್ರಾರ್ಥನಿ ಮಾಡಾಣ," ಎಂದರು.

"ನೀವು ಕನ್ನಡಕ ಯಾರ ಚಿತ್ತ ಕೇಳಿ ಹಾಕ್ಕೊಂಡ್ರಿ, ಅಯ್ಯಗಾರು?"

ಅವರು ನಕ್ಕು, ಚಹಾ ಕುಡಿದು ಹೋದರು.

ಅದರ ಮರು ಭಾನುವಾರ ಅವ್ವ ಬೆರಳಿಟ್ಟಳು. ಇಂಥವನು ಇಂಥವನನ್ನು ಹುಟ್ಟಿಸಿದ ಎಂಬ ಹೆಸರುಗಳ ಪಟ್ಟಿ, ಎರಡು ಪುಟ ತುಂಬ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಯೇಸು ಒಬ್ಬ ಕುರುಡನಿಗೆ ಹೋಗಿ ಕಣ್ಣು ತೊಳೆದುಕೊಳ್ಳಲು ಹೇಳಿದ್ದು, ಅವನು ನೋಟ ಪಡೆದು ತಿರುಗಿ ಬಂದದ್ದು ನನಗೆ ಸಂಡೇ ಸ್ಕೂಲಿನಿಂದಲೂ ಬಾಯಿಪಾಠ. ಪುಟದ ಮೇಲೆ ಕಣ್ಣಿಟ್ಟುಕೊಂಡೇ ಅದನ್ನು ಓದಿದಂತೆ ಹೇಳಿದೆ. ದನಿ ಕೂಡ ನಡುಗಲಿಲ್ಲ.

ಅವ್ವ ಬೆರಳು ತೆಗೆಯದೆ, ಇನ್ನೊಂದು ಕೈಯಿಂದ ಎಡಗಡೆಯ ಹಾಳೆಗಳ ದಪ್ಪ ಮುಟ್ಟಿ ನೋಡಿದಳು. ಬಲಗಡೆಯದನ್ನೂ ಮುಟ್ಟಿ ನೋಡಿದಳು.

"ನನ್ನ ಬೆರಳು ಇನ್ನಾ ಪುಸ್ತಕದ ಮೊದಲ ಭಾಗದಾಗ, ಹಳೇ ಒಡಂಬಡಿಕ್ಯಾಗ ಐತಿ," ಎಂದಳು. "ಯೇಸಪ್ಪ ಅಲ್ಲಿ ಇನ್ನಾ ಹುಟ್ಟೇ ಇಲ್ಲ."

ನಾನು ಪುಟದಿಂದ ತಲೆಯೆತ್ತಿದೆ.

"ಅಲ್ಲಿ ಇದ್ದದ್ದು ಓದು."

ಓದಿದೆ. ಒಂದೊಂದು ಹೆಸರಿಗೂ ನಾಲಿಗೆ ತೊಡರುತ್ತಿತ್ತು. ಎರಡೂ ಪುಟ ಬಿಡದೆ ಓದಿಸಿದಳು. ನನಗೆ ಅಳು ಬಂತು. ಅವ್ವನಿಗೆ ಕಾಣುವುದಿಲ್ಲವಲ್ಲ ಎಂದು ಕಣ್ಣು ಒರೆಸಿಕೊಳ್ಳದೆಯೇ ಓದಿದೆ. ನಾಚಿಕೆಯಾಗಿತ್ತು ನಿಜ, ಆದರೆ ಇಂಥ ಸುಳ್ಳು ನನ್ನ ಬಾಯಲ್ಲಿ ಬರುವ ಹಾಗೆ ಮಾಡಿದ್ದು ಇವಳ ಹಠವೇ ಅಲ್ಲವೇ ಎಂಬ ಸಿಟ್ಟೂ ಹೋಗಿರಲಿಲ್ಲ.

"ದೇವ್ರು ಸುಮ್ನಿದ್ದಾಗ ಸುಮ್ನಿರಾಕ ನನಗ ಬರ್ತೈತಿ," ಎಂದಳು ಅವ್ವ. "ನಿನಗ ಬರಂಗಿಲ್ಲ. ಇನ್ಮ್ಯಾಲೆ ನೀ ಓದಿದ್ದು ಆತನ ಮಾತೋ ನಿನ್ನ ಮಾತೋ ನನಗ ಹೆಂಗ ತಿಳೀಬೇಕು? ನನ್ನ ಕಣ್ಣು ನನಗ ಬೇಕು. ಡಾಕ್ಟ್ರಿಗೆ ಹೇಳು, ಬರ್ತೀನಿ."

ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಷನ್ ಆಯಿತು. ಬಲಗಣ್ಣಿನ ನರ ಆಗಲೇ ಅರ್ಧ ಸತ್ತಿತ್ತು. ಎಡಗಣ್ಣು ಉಳಿಯಿತು. ಶುಕ್ರವಾರದ ಕೂಟದಲ್ಲಿ ಅವ್ವ ಎದ್ದು ನಿಂತು, ಕರ್ತನು ದಾರಿ ತೋರಿಸಿದನೆಂದು ಸಾಕ್ಷಿ ಹೇಳಿದಳು. ನನ್ನ ಸುಳ್ಳಿನ ಸುದ್ದಿ ಎತ್ತಲಿಲ್ಲ. ಅಯ್ಯಗಾರು ನನ್ನ ಕಡೆ ತಿರುಗಿ, "ನೋಡಿದ್ರೇನಮ್ಮ, ಆತನ ನಡೆಸುವಿಕಿ," ಎಂದರು. ಯಾವ ದಾರಿ ಎಂದು ಅವರಿಗೆ ಹೇಳಿಬಿಡಬೇಕೆನಿಸಿತು. ಆತ ನನ್ನ ಸುಳ್ಳನ್ನೇ ಹಿಡಿದು ಅವಳನ್ನು ನಡೆಸಿದ್ದರೆ, ನನ್ನನ್ನು ಮೊದಲೇ ಒಂದು ಮಾತು ಕೇಳಬೇಕಿತ್ತು.

ಈಗಲೂ ಭಾನುವಾರ ಕುರುಗೋಡಿಗೆ ಹೋಗುತ್ತೇನೆ. ಅವ್ವ ಈಗಲೂ ಬೆರಳಿಡುತ್ತಾಳೆ. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಬಂದ ವಚನವನ್ನು ಮನೆಯವರಿಗೆಲ್ಲ ಕೇಳುವ ಹಾಗೆ ಓದುತ್ತಿದ್ದಳು. ಈಗ ತುಟಿ ಮಾತ್ರ ಅಲ್ಲಾಡುತ್ತದೆ. ಮೊನ್ನೆ ಅಕ್ಷರ ಸಣ್ಣದಿದೆಯೆಂದು ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಒದ್ದಾಡುತ್ತಿದ್ದಳು. ಓದಿ ಹೇಳಲೇನವ್ವ ಎಂದು ಕೈ ಚಾಚಿದೆ.

"ಬ್ಯಾಡವ್ವ," ಎಂದಳು, "ನನಗ ಕಾಣ್ತೈತಿ."